ಮಸ್ಕತ್ತಿನ ಗುಲಾಬಿ ಮಾತ್ರೆ

ಬಿಳಿ ಮಾತ್ರೆ ನುಂಗಿ ನೀರು ಕುಡಿದ ಚಿಕ್ಕಮುನಿಯಮ್ಮ, ಅದರ ಹಿಂದೆಯೇ ಗುಲಾಬಿ ಮಾತ್ರೆಗಳ ಸ್ಟ್ರಿಪ್ಪನ್ನೂ ಕೈಗೆತ್ತಿಕೊಂಡಳು. ಬೊಮ್ಮಸಂದ್ರದ ಔಷಧ ಕಾರ್ಖಾನೆಗೆ ಹೊರಟಿದ್ದ ಬಾಡಿಗೆ ಮನೆಯ ಬಸಕ್ಕ ಮೆಟ್ಟಿಲಲ್ಲೇ ನಿಂತಳು.

“ಇದ್ಯಾವ್ದ್ರಿ ಅಮ್ಮಾರ?”

“ಮಸ್ಕತ್ತಿಂದ ನನ್ ಮಗಳು ತಂದ್ಕೊಟ್ಟವ್ಳೆ. ಬಿಳೀದು ಬಿಪಿಗೆ. ಇದು ಫಾರಿನ್ದು, ಶಕ್ತಿಗಿರ್ಬೇಕು. ತಿಂತಾ ಹತ್ತು ದಿನ ಆಯ್ತು.”

“ಶಕ್ತಿ ಬಂತೇನ್ರಿ?”

“ಎಲ್ಬಂತು? ಎದ್ರೆ ತಲೆ ಗಿರ್ ಅಂತದೆ.”

ಬಸಕ್ಕ ಎರಡೂ ಸ್ಟ್ರಿಪ್ಪುಗಳನ್ನು ಈಸಿಕೊಂಡಳು. ದೊಡ್ಡ ಅಕ್ಷರದ ಹೆಸರುಗಳು ಬೇರೆ ಬೇರೆ. ಅವಳಿಗೆ ಇಂಗ್ಲಿಷ್ ಓದಲು ಅಷ್ಟಾಗಿ ಬಾರದು. ಆದರೆ ಮಾದರಿಯ ಪಕ್ಕ ಪ್ಯಾಕೆಟ್ಟಿಟ್ಟು ಒಂದೊಂದೇ ಅಕ್ಷರ ಹೋಲಿಸಿ ನೋಡುವುದೇ ಕಾರ್ಖಾನೆಯಲ್ಲಿ ಅವಳ ಕೆಲಸ. ಕೆಳಗೆ ಒಳಗಿನ ಔಷಧದ ಹೆಸರಿರುವ ಸಣ್ಣ ಸಾಲಿನ ಮೇಲೆ ಬೆರಳಿಟ್ಟಳು. ಹತ್ತು ಅಕ್ಷರ, ಹತ್ತೂ ಹೊಂದಿದವು. ಮುಂದಿನ ಐದರ ಅಂಕಿಯೂ ಹೊಂದಿತು. ತಾನೇ ತಪ್ಪಿದ್ದರೆ? ಮತ್ತೊಮ್ಮೆ ನೋಡಿದಳು. ಇನ್ನೊಮ್ಮೆ ನೋಡಿದಳು.

“ಎರಡೂ ಒಂದ ಔಷಧ ಅದಾವ್ರಿ. ದಿನಾ ಡಬಲ್ ತಿನ್ನಾಕತ್ತೀರಿ.”

“ಬಣ್ಣ ಬೇರೆ, ಹೆಸ್ರು ಬೇರೆ, ಎಂಗೆ ಒಂದೇ ಆಯ್ತದೆ? ಡಾಕ್ಟ್ರೇನೇ ನೀನು? ಕೊಡಿಲ್ಲಿ. ಮಗಳು ಅಷ್ಟ್ ದೂರದಿಂದ ತಂದವ್ಳೆ.”

“ನಾ ಡಾಕ್ಟರ್ ಅಲ್ರಿ. ಆದ್ರ ನಮ್ಮ ಕಾರ್ಖಾನ್ಯಾಗ ಒಂದ ಗುಳಿಗಿ, ಇಲ್ಲಿಗೆ ಬಿಳೇದು, ಹೊರದೇಶಕ್ಕ ಹಳದಿ. ಹೆಸರೂ ಬ್ಯಾರೆ. ನಾನ ಪ್ಯಾಕ್ ಮಾಡ್ತೀನಿ. ನಡ್ರಿ, ದವಾಖಾನಿಗೆ ಹೋಗಿ ಕೇಳೂಣು.”

“ಮನೆ ಖಾಲಿ ಮಾಡಿಸ್ಬಿಡ್ತೀನಿ ನೋಡು!”

ಬಸಕ್ಕ ಒಂದು ಹೆಜ್ಜೆ ಹಿಂದೆ ಸರಿದಳು. ಆದರೂ ಸ್ಟ್ರಿಪ್ ಬಿಡಲಿಲ್ಲ. ಬೀದಿಯ ತುದಿಯಲ್ಲಿ ಕಾರ್ಖಾನೆಯ ಬಸ್ಸು ಎರಡು ಸಲ ಹಾರನ್ ಹೊಡೆದು ಹೊರಟುಹೋಯಿತು.

“ನಿನ್ ಬಸ್ಸು ಓಯ್ತಲ್ಲೇ!”

“ಹೋಗ್ಲಿ ಬಿಡ್ರಿ. ಮನಿ ನಾಳೆ ಖಾಲಿ ಮಾಡ್ಸೀರಂತ. ಈಗ ಚಪ್ಪಲಿ ಮೆಟ್ಕೋರಿ.”

ಚಿಕ್ಕಮುನಿಯಮ್ಮ ಗೊಣಗುತ್ತಲೇ ಚಪ್ಪಲಿಗೆ ಕಾಲು ತೂರಿಸಿದಳು. ಹೋಗಲಿಲ್ಲ. ಮತ್ತೆ ನೂಕಿದಳು. ಬಸಕ್ಕ ಕೆಳಗೆ ಕೂತು ಆ ಊದಿದ ಪಾದವನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟಳು. ಒತ್ತಿದಲ್ಲಿ ಬಿದ್ದ ಗುಳಿ ಮುಚ್ಚಲೇ ಇಲ್ಲ. ಇಬ್ಬರೂ ಅದನ್ನೇ ನೋಡಿದರು.

“ಬರಿಗಾಲಲ್ಲೇ ಬತ್ತೀನಿ, ನಡಿಯೇ,” ಎಂದು ಚಿಕ್ಕಮುನಿಯಮ್ಮ ಬಸಕ್ಕನ ಭುಜ ಹಿಡಿದು ಎದ್ದಳು.