ಬೀಜಕ್ಕೆ ಬಿಟ್ಟ ಕಾಯಿ

ಬೇಲಿ ಬದಿಯ ಬೆಂಡೆ ಗಿಡ ತಾಗಿದ್ದೇ ತಡ, ಸೊಸೆಗೆ ಮಣಿಕಟ್ಟಿನಿಂದ ಮೊಣಕೈವರೆಗೂ ತುರಿಕೆ ಹತ್ತಿತು. ಬೆನ್ನ ಮೇಲೆ ಹುಳುವಿನ ಔಷಧಿಯ ಕ್ಯಾನು. ಈ ಬೆಳೆಗೆ ಹೊಡೆಯುತ್ತಿರುವುದು ಇದು ಐದನೇ ಸಲ. ಗಿಡವನ್ನು ಬೈಯುವಷ್ಟು ತ್ರಾಣವೂ ಉಳಿದಿರಲಿಲ್ಲ. ಕೈ ಕೆರೆದುಕೊಳ್ಳುತ್ತಲೇ ಒಂದು ಎಲೆ ಮಗುಚಿ ನೋಡಿದಳು.

ಒಂದೇ ಒಂದು ಜಿಗಿಹುಳು ಇರಲಿಲ್ಲ. ಹೊಲದ ಬೆಂಡೆ ಗಿಡಗಳೆಲ್ಲ ಹುಳು ರಸ ಹೀರಿ, ಎಲೆಯಂಚು ಹಳದಿಯಾಗಿ, ದೋಣಿಯಂತೆ ಮುದುಡಿದ್ದವು. ಎಲ್ಲಿಂದಲೋ ಬೀಜ ಬಿದ್ದು ತಾನಾಗಿ ಹುಟ್ಟಿದ ಈ ಗಿಡ ಮಾತ್ರ ಹಚ್ಚಗೆ ನಿಂತಿತ್ತು. ಎಲೆಯಡಿ ಬಿಳಿ ರೋಮ ಎಷ್ಟು ಒತ್ತಾಗಿತ್ತೆಂದರೆ ಹುಳುವಿಗೆ ಬಾಯಿಡಲು ಜಾಗವೇ ಇರಲಿಲ್ಲ.

"ಅತ್ತೆ, ಈ ರೋಮದ ಬೆಂಡೆ ನಮ್ಮ ಹೊಲದಲ್ಲಿ ಯಾಕಿಲ್ಲ?"

ಪಕ್ಕದ ಸಾಲಲ್ಲಿ ಕಳೆ ಕೀಳುತ್ತಿದ್ದ ಅತ್ತೆ ತಲೆ ಎತ್ತಲಿಲ್ಲ. "ಮೊದಲೆಲ್ಲಾ ಅದೇ ಇದ್ದಿದ್ದು. ನೀನು ಮದುವೆಯಾಗಿ ಬಂದ ವರ್ಷ ಕಾಯಿ ಕುಯ್ದು ಕುಯ್ದು ಕೈಯೆಲ್ಲಾ ದದ್ದೆದ್ದು, ತುತ್ತು ಎತ್ತೋಕೂ ಆಗ್ದೆ ಅಳ್ತಿದ್ದೆ. ಆಮೇಲಿಂದ ನಾನೇ ತುರಿಸೋ ಗಿಡ ಕಂಡಲ್ಲಿ ಕಿತ್ತೆಸೆದು, ನುಣುಪಾಗಿರೋದನ್ನೇ ಬೀಜಕ್ಕೆ ಬಿಟ್ಕೊಂಡು ಬಂದೆ."

ಹನ್ನೆರಡು ವರ್ಷ. ತುರಿಕೆ ನಿಂತದ್ದು ಕೈ ಪಳಗಿದ್ದರಿಂದ ಎಂದೇ ಅವಳು ಇಷ್ಟು ದಿನ ನಂಬಿದ್ದಳು.

ಕ್ಯಾನನ್ನು ಬೆನ್ನಿನಿಂದ ಇಳಿಸಿದಳು. ಮುಖಕ್ಕೆ ಕಟ್ಟಿದ್ದ ಬಟ್ಟೆಯ ಅಂಚು ಹರಿದು, ಯಾರೂ ಕುಯ್ಯದಂತೆ, ಬೀಜದ ಕಾಯಿಗೆ ಕಟ್ಟುವ ಹಾಗೆ ಆ ಗಿಡದ ದಪ್ಪ ಕಾಯಿಗೆ ಗಂಟು ಹಾಕಿದಳು.

ಅತ್ತೆ ಈಗ ತಲೆ ಎತ್ತಿದರು. "ನಿನ್ನ ಕೈ ಗತಿ ಏನೇ?"

"ತುರಿಸ್ಲಿ ಬಿಡಿ."