ಮಧ್ಯಾಹ್ನದ ಅರುಂಧತಿ

ಓಂಕಾರಪ್ಪ ಮೇಷ್ಟ್ರು ವಿಜ್ಞಾನದ ಪಾಠಕ್ಕೆ ನಿಂತರೆ ಹೈಸ್ಕೂಲಿನ ಸೂರೇ ಮಾಯವಾಗಿ ಆಕಾಶ ಕಾಣುತ್ತಿತ್ತು... ಹಾಗಂತ ಮಕ್ಕಳೇ ಹೇಳುತ್ತಿದ್ದರು.

ಒಂಬತ್ತನೇ ಕ್ಲಾಸಿನ ಕೊನೆಯ ದಿನ ಬೋರ್ಡಿನ ಮೇಲೆ ಏಳು ಚುಕ್ಕಿ ಇಟ್ಟರು. ಸಪ್ತರ್ಷಿ ಮಂಡಲ.

"ಬಾಲದಲ್ಲಿ ನಡುವಿನದು ವಸಿಷ್ಠ. ಅದಕ್ಕೆ ಅಂಟಿಕೊಂಡ ಹಾಗೆ ಒಂದು ಪುಟ್ಟ ಚುಕ್ಕಿ ಇದೆ ನೋಡಿ, ಅದೇ ಅರುಂಧತಿ. ರಜದಲ್ಲಿ ನಿಮ್ಮ ಕಣ್ಣಲ್ಲೇ ಹುಡುಕಬೇಕು, ಇದೇ ಹೋಮ್‌ವರ್ಕ್. ಸ್ವಲ್ಪ ಹೊತ್ತು ಬಿಟ್ಟು ನೋಡಿದ್ರೆ ಜರುಗಿರುತ್ತೆ... ಜರುಗೋದು ಅದಲ್ಲ, ತಿರುಗೋದು ನಮ್ಮ ಭೂಮಿ!"

ಆಮೇಲೆ ಬೆರಳೆತ್ತಿ ಗುಡುಗಿದರು. "ಕಾಣದ್ದನ್ನ ಕಂಡೆ ಅಂತ ಮಾತ್ರ ಯಾವತ್ತೂ ಹೇಳಬೇಡಿ!"

ಎಲ್ಲರೂ ತಲೆಯಾಡಿಸಿದರು. ಹುಡುಕಿದ್ದು ಒಬ್ಬಳೇ... ಸಿಂಚನ.

ಅವಳ ಮನೆ ಸುತ್ತ ತೆಂಗಿನ ಮರ, ಬೀದಿ ದೀಪ. ಅಲ್ಲಿಂದ ಆಕಾಶ ಕಾಣದು. ಹಾಗಾಗಿ ಊಟ ಮುಗಿಸಿ ಕೆರೆ ಏರಿಯ ಮೇಲೆ ಹೋಗಿ ನಿಲ್ಲುತ್ತಿದ್ದಳು.

ಬೈಕಿನಲ್ಲಿ ಹೋಗುತ್ತಿದ್ದ ಯಾವನೋ ನೋಡಿದ. ಬೆಳಗ್ಗೆ ಹಾಲಿನ ಡೇರಿ ಮುಂದೆ ಕ್ಯಾನಿಗಿಂತ ಮೊದಲು ಸುದ್ದಿ ತುಂಬಿತ್ತು.

"ಕೆಂಪರಾಜನ ಮಗಳು ಕತ್ತಲಲ್ಲಿ ಯಾರಿಗೋ ಕಾಯ್ತಾ ನಿಂತಿದ್ಳಂತೆ!"

ಅಪ್ಪ ಕೇಳಿದಾಗ ಹುಡುಗಿ ನಿಜವನ್ನೇ ಹೇಳಿದಳು. "ಅರುಂಧತಿ ನೋಡೋಕೆ ಹೋಗಿದ್ದೆ ಕಣಪ್ಪಾ..."

ಅಯ್ಯೋ... ಆ ಒಂದು ಮಾತು!

ಆ ಊರಿನಲ್ಲಿ ಅರುಂಧತಿ ಅಂದರೆ ಮದುವೆ ದಿನ ಭಟ್ಟರು ಬೆರಳು ತೋರಿಸುವುದು, ಅಷ್ಟೇ. ಅದು ದಿನಾ ಆಕಾಶದಲ್ಲಿ ಮೂಡುವ ನಕ್ಷತ್ರ ಅಂತ ಯಾರಿಗೂ ಗೊತ್ತಿರಲಿಲ್ಲ.

"ಕೇಳಿದ್ರೇನ್ರೋ! ಹುಡ್ಗಿಗೆ ಈಗ್ಲೇ ಅರುಂಧತಿ ನೋಡ್ಬೇಕಂತೆ!" ಹುಡುಗಿಯ ದೊಡ್ಡಪ್ಪ ತೊಡೆ ತಟ್ಟಿ ನಕ್ಕ. "ಲೇ ಕೆಂಪ, ಅಷ್ಟು ಅವಸರ ಇದ್ರೆ ಭಟ್ರನ್ನ ಕರ್ಸಿ ತೋರ್ಸ್ಬಿಡು, ಅತ್ಲಾಗೆ!"

ನಗುತ್ತಾ ನಗುತ್ತಲೇ ಗಂಡು ನೋಡಿಬಿಟ್ಟರು... ಹುಡುಗಿಗೆ ಹದಿನೈದು. ಗಂಡಿಗೆ ಅವಳ ವಯಸ್ಸಿನ ಎರಡರಷ್ಟು.

ಕೆಂಪರಾಜ ಮೇಷ್ಟ್ರ ಮನೆಗೆ ಓಡಿ ಬಂದ. ಚಪ್ಪಲಿಯನ್ನೂ ಮೆಟ್ಟಿರಲಿಲ್ಲ.

"ಮೇಷ್ಟ್ರೇ, ನೀವೇ ನೋಡೋಕೆ ಹೇಳಿದ್ರಂತೆ ಹೌದಾ? ಹೌದು ಅಂತ ಒಂದ್ಮಾತು ಊರ ಮುಂದೆ ಹೇಳಿ ಸಾಕು... ಅಣ್ಣನ ಬಾಯಿ ನಾನು ಮುಚ್ಚಿಸ್ತೀನಿ."

ಮೇಷ್ಟ್ರು ಬೀದಿಯ ಅತ್ತಿತ್ತ ನೋಡಿದರು. ಹೆಣ್ಣುಮಕ್ಕಳನ್ನು ಕತ್ತಲಲ್ಲಿ ಕೆರೆ ಏರಿಗೆ ಕಳಿಸಿದ ಮೇಷ್ಟ್ರು... ನಾಳೆ ಹೀಗಂತ ಆಡಿಕೊಂಡರೆ? ಮೇಲಿನವರಿಗೆ ದೂರು ಹೋದರೆ?

"ನಾನು... ಜನರಲ್ ಆಗಿ ಪಾಠ ಮಾಡಿದ್ದೆ ಅಷ್ಟೇ ಕೆಂಪರಾಜು. ಹೋಗು ಅಂತ ಹೇಳಿರಲಿಲ್ಲ."

ಥೂ... ಓದಿದವರ ನಾಲಗೆ ನೋಡಿ! ಬೋರ್ಡ್ ಮುಂದೆ ಗುಡುಗು. ಬಾಗಿಲ ಮುಂದೆ ಗುಸುಗುಸು.

ಮೇ ತಿಂಗಳ ಉರಿಬಿಸಿಲಲ್ಲಿ ಸಮುದಾಯ ಭವನದಲ್ಲಿ ಮದುವೆ. ಮೇಷ್ಟ್ರೂ ಬಂದರು, ಗೋಡೆ ಗಡಿಯಾರ ಪ್ಯಾಕ್ ಮಾಡಿಸಿಕೊಂಡು.

ಮಕ್ಕಳ ಸಹಾಯವಾಣಿ ನಂಬರನ್ನು ಶಾಲೆ ಗೋಡೆ ಮೇಲೆ ದಪ್ಪಕ್ಷರದಲ್ಲಿ ಬರೆಸಿದ್ದವರು ಅವರೇ. ಜೇಬಿನಿಂದ ಫೋನ್ ತೆಗೆದರು... ಟೈಮ್ ನೋಡಿದರು... ಮತ್ತೆ ಜೇಬಿಗಿಟ್ಟರು.

ಗಟ್ಟಿಮೇಳ ಮೊಳಗಿತು. ತಾಳಿ ಬಿತ್ತು.

ಭಟ್ಟರು ಗಂಡು ಹೆಣ್ಣನ್ನು ಅಂಗಳಕ್ಕೆ ಕರೆತಂದು ಬೆರಳೆತ್ತಿದರು. "ಅಗೋ, ಅರುಂಧತಿ. ಕಂಡಿತು ಅನ್ನಿ."

"ಕಂಡ್ತು, ಕಂಡ್ತು... ಊಟಕ್ಕೆ ಬಿಡಿ ಭಟ್ರೇ!" ಗಂಡು ತಲೆಯನ್ನೇ ಎತ್ತಲಿಲ್ಲ. ಎಲ್ಲರೂ ಗೊಳ್ಳೆಂದರು.

ಸಿಂಚನ ಮಾತ್ರ ಹಣೆಗೆ ಕೈ ಅಡ್ಡ ಹಿಡಿದು ನಿಜವಾಗಿಯೂ ನೋಡಿದಳು...

"ಇಲ್ಲ ಭಟ್ರೇ, ಕಾಣ್ತಿಲ್ಲ. ಈ ತಿಂಗಳಲ್ಲಿ ಮಧ್ಯಾಹ್ನ ಅದು ನೆಲದ ಕೆಳಗಿರುತ್ತೆ. ಸಂಜೆ ಮೇಲೆ ಬರುತ್ತೆ. ಏರಿ ಮೇಲೆ ನಿಂತು ನಾನೇ ನೋಡಿದೀನಿ..."

ಊಟಕ್ಕೆ ಹೊರಟವರು ಅಲ್ಲೇ ನಿಂತರು.

"ಬೇಕಾದ್ರೆ ನಮ್ಮ ಮೇಷ್ಟ್ರನ್ನ ಕೇಳಿ. ಅಲ್ಲೇ ಅವ್ರೆ."

ಇಡೀ ಊರು ಮೇಷ್ಟ್ರ ಕಡೆ ತಿರುಗಿತು. ಕೆಂಪರಾಜ ಎರಡೂ ಕೈ ಜೋಡಿಸಿ ನಿಂತಿದ್ದ. ತಾಳಿ ಬಿದ್ದಿದ್ದರೂ ಇನ್ನೂ ಕಾಲ ಮೀರಿರಲಿಲ್ಲ, ಹದಿನೈದರ ಹುಡುಗಿಯ ಮದುವೆ ಕಾನೂನಿಗೆ ಮದುವೆಯೇ ಅಲ್ಲ. ಒಂದೇ ಒಂದು 'ಹೌದು' ಸಾಕಿತ್ತು...

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು.

"ಶಾಸ್ತ್ರ ಅಲ್ವೇನಮ್ಮಾ... ಕಂಡಿತು ಅಂದ್ಬಿಡು."

ಅವಳು ಅವರನ್ನೇ ನೋಡಿದಳು. ಆಮೇಲೆ ನೆಲ ನೋಡುತ್ತಾ ಹೇಳಿದಳು.

"ಕಂಡಿತು."

ಅಕ್ಷತೆಯ ಮಳೆಯೇ ಸುರಿಯಿತು!

ನಿಜವಾಗಿ ಕಂಡ ದಿನ ಒಬ್ಬರೂ ನಂಬಲಿಲ್ಲ... ಕಾಣದೆ ಕಂಡಿತು ಅಂದಾಗ ಇಡೀ ಊರು ನಂಬಿತು.

ಹಿರಿಯರ ಕಾಲಿಗೆ ಬೀಳುತ್ತಾ ಮದುಮಕ್ಕಳು ಮೇಷ್ಟ್ರ ಬಳಿಗೂ ಬಂದರು. ಬಗ್ಗಿದವಳು ಏಳುವಾಗ, ಅವರಿಗೊಬ್ಬರಿಗೇ ಕೇಳುವಂತೆ ಪಿಸುಗುಟ್ಟಿದಳು.

"ಸಾರ್... ಮುಂದಿನ ವರ್ಷ ಹುಡ್ಗೀರಿಗೆ ಆ ಹೋಮ್‌ವರ್ಕ್ ಕೊಡ್ಬೇಡಿ."

ಮೇಷ್ಟ್ರ ಕಣ್ಣಲ್ಲಿ ದಳದಳ ನೀರು ಸುರಿಯಿತು. ಸುರಿದು ಏನು ಬಂತು? ಗಂಡಿನ ಊರಿನ ಟೆಂಪೋ ಅಷ್ಟರಲ್ಲಿ ಹಾರನ್ ಹೊಡೆಯುತ್ತಿತ್ತು.

ಅವಳ ಆ ಒಂದು ಮಾತನ್ನು ಮಾತ್ರ ಮೇಷ್ಟ್ರು ತಪ್ಪದೆ ನಡೆಸಿಕೊಟ್ಟರು. ಮರುವರ್ಷ ಬೋರ್ಡಿನ ಮೇಲೆ ಏಳು ಚುಕ್ಕಿ ಇಟ್ಟು, ಮಕ್ಕಳ ಮುಖ ನೋಡದೆ ಹೇಳಿದರು...

"ಇದನ್ನ ಬಾಯಿಪಾಠ ಮಾಡ್ಕೊಳ್ಳಿ. ಪರೀಕ್ಷೆಗೆ ಬರುತ್ತೆ."

.

*ಮಕ್ಕಳಿಗೆ ತಲೆ ಎತ್ತಿ ನೋಡಲು ಕಲಿಸಿದ ಮೇಲೆ, ಊರು ಆ ತಲೆಯನ್ನು ತಗ್ಗಿಸಲು ಬಂದಾಗ ಅಡ್ಡ ನಿಲ್ಲುವ ಗುಂಡಿಗೆಯೂ ಇರಬೇಕು.*

ಅವತ್ತು ಆ ಅಂಗಳದಲ್ಲಿ ನೀವಿದ್ದಿದ್ದರೆ... ಬಾಯಿ ಬಿಡುತ್ತಿದ್ದಿರಾ? ಇಲ್ಲ, ನೀವೂ ಅಕ್ಷತೆ ಹಾಕಿ ಊಟದ ಪಂಕ್ತಿ ಹಿಡಿಯುತ್ತಿದ್ದಿರಾ?