ಮೂವತ್ತು ಗಡ್ಡಕ್ಕೊಂದು ಪದ್ಯ

"ಅಯ್ಯಯ್ಯೋ! ಇದು ಮುಖ ಕಣಯ್ಯ, ಬಡಗಿಯ ಹಲಗೆ ಅಲ್ಲ!" ಎಂದು ಮೇಷ್ಟ್ರು ಕುರ್ಚಿಯಿಂದ ಅರ್ಧ ಎದ್ದರು. ಬಲಗೆನ್ನೆ ಮುಗಿಸಿ ಎಡಗೆನ್ನೆಗೆ ಕತ್ತಿ ಇಟ್ಟಿದ್ದಷ್ಟೇ, ಬಿಳಿ ನೊರೆಯ ನಡುವೆ ಕೆಂಪು ಚುಕ್ಕಿಯೊಂದು ಮೂಡಿತ್ತು.

ಕ್ಷೌರಿಕ ಕತ್ತಿಯ ಅಲಗನ್ನು ಬೆಳಕಿಗೆ ಹಿಡಿದು ನೋಡಿದ. ಕನ್ನಡಿಯ ಚೌಕಟ್ಟಿನ ಮೇಲೆ ಗಡ್ಡಕ್ಕೊಂದರಂತೆ ಸೀಮೆಸುಣ್ಣದಲ್ಲಿ ಎಳೆದಿದ್ದ ಗೆರೆಗಳನ್ನು ಎಣಿಸಿದ. ಒಂಬತ್ತೇ ಒಂಬತ್ತು. "ನಿಮ್ಮ ಗಡ್ಡ ತಂತಿ ಆಗಿಬಿಟ್ಟಿದೆ ಮೇಷ್ಟ್ರೇ," ಎಂದ.

"ಮೂವತ್ತೈದು ವರ್ಷದಿಂದ ಇದೇ ಗಡ್ಡ ತರ್ತಾ ಇದೀನಿ. ತಂತಿ ಆಗಿದ್ರೆ ಮೊದಲು ನನಗೆ ಗೊತ್ತಾಗ್ತಿರಲಿಲ್ವೇ?"

ಪರದೆಯ ಹಿಂದೆ, ಒಳಕೋಣೆಯಲ್ಲಿ ಒಗೆದ ಟವೆಲ್ಲುಗಳನ್ನು ಮಡಚುತ್ತಿದ್ದ ಕ್ಷೌರಿಕನ ಹೆಂಡತಿ ಕಿವಿ ನಿಮಿರಿಸಿದಳು. ಚರ್ಮದ ಪಟ್ಟಿಗೆ ಕತ್ತಿ ಎಳೆಯುವುದು ಪ್ರತಿ ಗಡ್ಡಕ್ಕೂ ಇದ್ದದ್ದೇ; ಸಾಣೆಕಲ್ಲಿಗೆ ಹಚ್ಚುವುದು ಮಾತ್ರ ಮೂವತ್ತು ಗಡ್ಡಕ್ಕೊಮ್ಮೆ. ಮಾವನ ಕಾಲದಿಂದಲೂ ಅದೇ ಲೆಕ್ಕ. ಹೋದ ತಿಂಗಳು ಅದು ಇಪ್ಪತ್ತಕ್ಕೆ ಇಳಿದಿತ್ತು, ಈಗ ಒಂಬತ್ತಕ್ಕೆ. ಗಂಡ ಮೊದಲು ಕಲ್ಲನ್ನು ಬೈದ, ಆಮೇಲೆ ಉಕ್ಕನ್ನು, ಆಮೇಲೆ ಸೋಪನ್ನು. ಬೈಯಲು ಇನ್ನೇನೂ ಉಳಿಯದೆ, ನಿನ್ನೆ ಊಟದ ತಟ್ಟೆಯ ಮುಂದೆ ಹೇಳಿಬಿಟ್ಟಿದ್ದ: "ಕೈ ಸೋತಿತು ಕಣೆ. ಇನ್ನೊಂದೇ ಸಲ ಮಸೀತೀನಿ. ಆಗಲೂ ಹರಿತ ನಿಲ್ಲಲಿಲ್ಲ ಅಂದ್ರೆ ಕತ್ತಿ ಮಡಚಿಟ್ಟು ಮನೇಲಿ ಕೂತ್ಕೋತೀನಿ."

ಮನೆಯಲ್ಲಿ ಕೂತ ಗಂಡ ಒಲೆಯ ಮುಂದೆ ಬಂದು ಉಪ್ಪು ಖಾರದ ವಿಚಾರಣೆ ನಡೆಸುವ ಚಿತ್ರ ಅವಳ ಕಣ್ಣಿಗೆ ಕಟ್ಟಿತ್ತು. ಅದನ್ನಾದರೂ ಸಹಿಸಬಹುದು. ಕತ್ತಿ ಇಲ್ಲದ ಆ ಕೈಗಳನ್ನು ಅವನು ಎಲ್ಲಿಟ್ಟುಕೊಂಡಾನು?

"ಒಂದು ನಿಮಿಷ ಇರಿ ಮೇಷ್ಟ್ರೇ," ಎಂದು ಕ್ಷೌರಿಕ ಕಲ್ಲಿಗೆ ನೀರು ಚಿಮುಕಿಸಿದ. ಪದ್ಯ ಶುರುವಾಯಿತು. ಅವನಿಗೆ ಮಸೆಯಲು ಗಡಿಯಾರ ಬೇಡ. ಅಪ್ಪ ಕಲಿಸಿದ ಆರು ಸಾಲಿನ ಪದ್ಯ ಸಾಕು. ರಾಗವೆಳೆದು ಒಂದು ಸಾಲು ಹಾಡಿ ಮುಗಿಸುವವರೆಗೆ ಅಲಗಿನ ಒಂದು ಮಗ್ಗುಲು, ಮುಂದಿನ ಸಾಲಿಗೆ ಇನ್ನೊಂದು ಮಗ್ಗುಲು. ಪದ್ಯ ಮುಗಿದರೆ ಆ ಕಡೆ ಮೂರು, ಈ ಕಡೆ ಮೂರು, ಕತ್ತಿ ತಯಾರು. ಮದುವೆಯಾಗಿ ಬಂದ ದಿನದಿಂದ ಅವಳು ಪರದೆಯ ಹಿಂದೆ ಕೇಳುತ್ತಲೇ ಬಂದ ಪದ್ಯ. ಆದರೆ ಈ ದಿನ ಟವೆಲ್ಲು ಹಿಡಿದ ಕೈ ತಾನಾಗಿ ನಿಂತಿತು. ಮೂರನೆಯ ಸಾಲಾದ ಮೇಲೆ ಐದನೆಯದು ಬಂದಿತ್ತು. ಬೆರಳು ಮಡಚಿ ಎಣಿಸಿದಳು: ಒಂದು ಮಗ್ಗುಲಿಗೆ ಮೂರು, ಇನ್ನೊಂದಕ್ಕೆ ಎರಡೇ.

ಸೋತದ್ದು ಕೈಯಲ್ಲ!

ಹೇಳುವುದು ಹೇಗೆ? ಊರಿನಲ್ಲಿ ಯಾರು ಪದ್ಯ ಹಾಡಿದರೂ ತಪ್ಪು ಹೆಕ್ಕಿ ತೋರಿಸುವವನು ಅವನು. ಅವಳು ಗಂಟಲು ಸರಿಮಾಡಿಕೊಂಡು, "ರೀ, ನನಗೊಂದು ಅನುಮಾನ. ಆ ರಾಜನ ಕುದುರೆ ಹೊಳೆ ದಾಟಿತಾ?" ಎಂದಳು.

ಕಲ್ಲಿನ ಸದ್ದು ನಿಂತಿತು. "ಯಾವ ಕುದುರೆ?"

"ನಿಮ್ಮ ಪದ್ಯದ್ದೇ. ಮೂರನೇ ಸಾಲಲ್ಲಿ ಈಚೆ ದಡದಲ್ಲಿ ಹುಲ್ಲು ಮೇಯ್ತಾ ನಿಂತಿತ್ತು. ಈಗ ಕೇಳಿದ್ರೆ ರಾಜ ಆಚೆ ದಡದಲ್ಲಿ ಬಾಣ ಬಿಡ್ತಾ ಇದಾನೆ. ಈಜಿಕೊಂಡು ಹೋದನೇ?"

"ಪದ್ಯದ ವಿಷಯ ನಿನಗೇನು ಗೊತ್ತು? ಟವೆಲ್ಲು ಮಡಚು," ಎಂದ. ಆಮೇಲೆ ಮೆಲ್ಲಗೆ, ಬಾಯೊಳಗೇ, ಮೊದಲ ಸಾಲು. ಎರಡನೆಯದು. ಮೂರನೆಯದು. ಅಲ್ಲಿಗೆ ನಿಂತ. ಮತ್ತೆ ಮೊದಲಿಂದ ಹಿಡಿದ. ಮತ್ತೆ ಅಲ್ಲಿಗೇ ನಿಂತ.

"ಬೇಗ ಏನಾದ್ರೂ ಮಾಡಯ್ಯ," ಎಂದರು ಮೇಷ್ಟ್ರು. "ನನ್ನ ಅರ್ಧ ಮುಖ ಆಚೆ ದಡದಲ್ಲಿದೆ, ಅರ್ಧ ಈಚೆ ದಡದಲ್ಲಿ."

ಹೆಂಡತಿ ಟವೆಲ್ಲೊಂದನ್ನು ಪಟಪಟನೆ ಒದರಿದಳು. ಒದರುತ್ತಾ, ತನ್ನ ಪಾಡಿಗೆ ತಾನು ಗುನುಗಿಕೊಳ್ಳುವವಳಂತೆ, "ತೆರೆಯ ಸೀಳುತ ಕುದುರೆ ದಾಟಿತು..." ಎಂದು ಎಳೆದಳು.

ಪರದೆಯ ಆಚೆ ಕಲ್ಲಿಗೆ ಮತ್ತೆ ನೀರು ಚಿಮುಕಿಸಿದ ಸದ್ದಾಯಿತು. "ಹೂಂ, ಅದೇ," ಎಂದ ಗಂಡ. "ಉಸಿರು ತಗೊಳ್ತಿದ್ದೆ ಅಷ್ಟೇ."

"ಎರಡು ತಿಂಗಳಿಂದಲೂ ಉಸಿರೇ ತಗೊಳ್ತಿದ್ರಾ?" ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವಳು ಅದನ್ನೂ ಟವೆಲ್ಲಿನ ಜೊತೆಗೆ ಮಡಚಿಟ್ಟಳು. ಕಲ್ಲು ಮತ್ತೆ ಹಾಡಿತು, ಈ ಸಲ ಆರೂ ಸಾಲು. ಕತ್ತಿ ಮೇಷ್ಟ್ರ ಎಡಗೆನ್ನೆಯ ಮೇಲೆ ಬೆಣ್ಣೆಯ ಮೇಲೆ ಹೋದಂತೆ ಹೋಯಿತು. "ಏನು ಮಾಡಿದೆಯೋ ಮಾರಾಯ?" ಎಂದು ಅವರು ಗಲ್ಲ ಸವರಿಕೊಂಡಾಗ ಕ್ಷೌರಿಕ ಗಂಭೀರವಾಗಿ, "ಕಲ್ಲಿಗೆ ನೀರು ಕಡಿಮೆಯಾಗಿತ್ತು," ಎಂದ.

ಹಳೆಯದನ್ನು ಒರೆಸಿದ ಚೌಕಟ್ಟಿನ ಮೇಲೆ ಹತ್ತು ಗೆರೆ ದಾಟಿತು, ಇಪ್ಪತ್ತು ದಾಟಿತು. ಮೂವತ್ತು ತುಂಬಿದ ಬೆಳಿಗ್ಗೆ ಅವಳು ಮಾರುಕಟ್ಟೆಯಿಂದ ಚೀಲ ಹೊತ್ತು ಬರುತ್ತಿರುವಾಗ ಅಂಗಡಿಯಿಂದ ಪದ್ಯ ಕೇಳಿಸಿತು. ಒಂದು, ಎರಡು, ಮೂರು ಸಾಲು. ಆಮೇಲೆ ಸದ್ದಿಲ್ಲ. ಅವಳು ಹೊಸ್ತಿಲ ಬಳಿ ನಿಂತಳು. ಗಂಡ ಒದ್ದೆ ಕಲ್ಲಿನ ಮೇಲೆ ಕತ್ತಿ ಎತ್ತಿ ಹಿಡಿದು ಪರದೆಯನ್ನೇ ನೋಡುತ್ತಿದ್ದ. ಕುರ್ಚಿಯಲ್ಲಿ ಮೇಷ್ಟ್ರ ಮುಖದ ನೊರೆ ಒಣಗಿ ಬಿರುಕು ಬಿಡುತ್ತಿತ್ತು.

"ಯಾಕಯ್ಯ ನಿಲ್ಲಿಸಿದೆ?"

"ಸ್ವಲ್ಪ ತಡ್ಕೊಳ್ಳಿ ಮೇಷ್ಟ್ರೇ," ಎಂದ ಕ್ಷೌರಿಕ. "ಕುದುರೆ ತರಕಾರಿ ತರೋಕೆ ಹೋಗಿದೆ."